ಜಾಲರಿ ಹೂವಿನ ರಸ

ಆ ಉಡುಪಿನ ತೋಳು ಮಣಿಕಟ್ಟು ಮುಚ್ಚುತ್ತದೆ ಎಂದು ನಾದಿನಿ ಹೇಳಿದ್ದಳು. ಮುಚ್ಚುತ್ತಿರಲಿಲ್ಲ. ಕೈ ಇಳಿಬಿಟ್ಟು ಬೊಂಬೆಯ ಹಾಗೆ ನಿಂತರೆ ಸರಿ. ಒಂದು ಹೂದಾನಿ ಎತ್ತಿದರೆ ಸಾಕು, ಬಟ್ಟೆ ಸರ್ರನೆ ಮೇಲೆ ಸರಿದು, ಮೊಳಕೈವರೆಗೆ ಬಾರುಕೋಲಿನಿಂದ ಹೊಡೆದ ಹಾಗಿದ್ದ ಕಂದು ಗೆರೆಗಳು, ಇನ್ನೂ ಒಣಗದ ಬೊಬ್ಬೆಗಳು ಹೊರಗೆ ಇಣುಕುತ್ತಿದ್ದವು. ಬೆಳಗಿನಿಂದ ಅವಳು ಹೋಟೆಲಿನ ಸಭಾಂಗಣದಲ್ಲಿ ಮೇಜಿನಿಂದ ಮೇಜಿಗೆ ಹೂದಾನಿ ಇಡುತ್ತಿದ್ದಳು. ಇಟ್ಟು ತೋಳು ಎಳೆದುಕೊಳ್ಳುವುದು, ಎತ್ತಿ ಎಳೆದುಕೊಳ್ಳುವುದು. 'ಫೋಟೋದಲ್ಲಿ ಕಾಣುತ್ತೆ ಅಂತ ಅಷ್ಟೇ ಅತ್ತಿಗೆ, ಬೇಜಾರು ಮಾಡ್ಕೋಬೇಡಿ' ಎಂದು ನಾದಿನಿ ನಿನ್ನೆ ಉಡುಪನ್ನು ಮಡಿಲಿಗೆ ಹಾಕಿ, ಮುಖ ನೋಡದೆ ಹೇಳಿ ಹೋಗಿದ್ದಳು. ಮದುವೆಯ ಹುಡುಗಿಯನ್ನು ಏನೆನ್ನುವುದು. ಆದರೆ ಬೇಜಾರಾಗಿರಲಿಲ್ಲ ಅವಳಿಗೆ, ಸಿಟ್ಟು ಬಂದಿತ್ತು. ಈ ಮನೆಯವರಿಗೆ ಎರಡಕ್ಕೂ ಒಂದೇ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬಾಗಿಲು ಬಡಿದರೂ ಅತ್ತೆ 'ಪಾಪ, ಬೇಜಾರಾಗಿದೆ ಅವಳಿಗೆ' ಎನ್ನುತ್ತಿದ್ದರು, ಬಾಗಿಲು ತಾನಾಗಿ ಬೇಜಾರಿನಿಂದ ಬಡಿದುಕೊಂಡಿತೇನೋ ಎಂಬಂತೆ.

ಹೂವಿಗೆ ಮಾತ್ರ ಯಾವ ಕುಂದೂ ಇರಲಿಲ್ಲ. ಸಭಾಂಗಣದ ಗಾಜಿನ ಗೋಡೆಯಿಂದ ಬಿದ್ದ ಬೆಳಕಿನಲ್ಲಿ ಬಿಳಿ ಜಾಲರಿ ಹೂಗಳು ಮೇಜುಗಳ ಮೇಲೆ ತೇಲುವಂತಿದ್ದವು. ಒಂದು ಕಾಂಡ, ಅದರ ತುದಿಯಿಂದ ಕೊಡೆಯ ಕಡ್ಡಿಗಳಂತೆ ಹತ್ತಾರು ಎಳೆ, ಒಂದೊಂದು ಎಳೆಯ ತುದಿಯಲ್ಲಿ ಮತ್ತೆ ಒಂದು ಪುಟ್ಟ ಕೊಡೆ, ಅದರ ತುಂಬ ಸಾಸಿವೆಯಷ್ಟು ಹೂ. ಕ್ಯಾರೆಟ್, ಕೊತ್ತಂಬರಿ, ಸಬ್ಬಸಿಗೆಗಳ ದಾಯಾದಿ ಎಂದರೆ ಯಾರೂ ನಂಬುವುದಿಲ್ಲ; ಎಲೆ ಹಿಚುಕಿ ಮೂಸಿ ನೋಡಿದರೆ ನಂಬುತ್ತಾರೆ. ಹಿತ್ತಿಲಿನ ಆಚೆ ಪಾಳು ಬಿದ್ದಿದ್ದ ಜಾಗವನ್ನು ಅಗೆದು, ಚಳಿ ಶುರುವಾಗುವ ಮೊದಲು ನೆಲದಲ್ಲೇ ನೇರವಾಗಿ ಬೀಜ ಚೆಲ್ಲಿದವಳು ಅವಳು. ಕುಂಡದಲ್ಲಿ ಸಸಿ ಮಾಡಿ ಕಿತ್ತು ನೆಡುವ ಹಾಗಿಲ್ಲ, ಇದರ ತಾಯಿಬೇರು ಒಮ್ಮೆ ಇಳಿದ ಜಾಗ ಬಿಟ್ಟು ಬರುವುದಿಲ್ಲ. ಕಿತ್ತರೆ ಸಾಯದಿದ್ದರೂ ಮುನಿಸಿಕೊಂಡು ಗಿಡ್ಡವಾಗಿಯೇ ಉಳಿಯುತ್ತದೆ. ಮೊದಲ ವರ್ಷ ಗೊತ್ತಿಲ್ಲದೆ ಕಿತ್ತು ನೆಟ್ಟು ಅಷ್ಟೂ ಹಾಳಾದಾಗ ಗಂಡ ನಕ್ಕಿದ್ದ. ಎರಡನೆಯ ವರ್ಷ ಮೊಗ್ಗಿನಲ್ಲೇ ಕೊಯ್ದಳು, ನೀರಿಗಿಟ್ಟ ಅರ್ಧ ದಿನಕ್ಕೆ ತಲೆ ಬಾಗಿಸಿದವು. ಆಗಲೂ ನಕ್ಕಿದ್ದ. ಮೂರನೆಯ ವರ್ಷ ಗಿಡಗಳು ಎದೆಯೆತ್ತರ ಬೆಳೆದು, ಗಾಳಿಗೆ ಬೀಳದಂತೆ ಅವಳು ಅಡ್ಡಡ್ಡ ಕಟ್ಟಿದ ದಾರದ ಬಲೆಯ ಮೇಲೆ ಒಂದೇ ಸಮನೆ ಅರಳಿದಾಗ, 'ನಮ್ಮ ಜಾಲರಿ' ಎಂದ. ಆ 'ನಮ್ಮ' ಎಲ್ಲಿಂದ ಬಂತು ಎಂದು ಅವಳು ಆ ದಿನವೆಲ್ಲ ಕಳೆ ಕೀಳುತ್ತ ಯೋಚಿಸಿದ್ದಳು.

ಕೊಯ್ಯುವುದು ಬಿಸಿಲು ಇಳಿದ ಮೇಲೆ. ಕೈಗವಸು ಹಾಕಿ, ತೋಳು ಮುಚ್ಚಿ. ಈ ಗಿಡದ ಕಾಂಡ ಕತ್ತರಿಸಿದಾಗ ಒಸರುವ ರಸ ನೋಡಲು ನೀರು; ಚರ್ಮಕ್ಕೆ ತಾಗಿದರೆ ಏನೂ ಆಗುವುದಿಲ್ಲ; ತಾಗಿದ ಮೇಲೆ ಬಿಸಿಲು ಬಿದ್ದರೆ ಮಾತ್ರ ಸುಡುತ್ತದೆ. ಅದೂ ಕೂಡಲೇ ಅಲ್ಲ, ಒಂದು ದಿನ, ಎರಡು ದಿನ ಬಿಟ್ಟು, ನೀವು ಮರೆತ ಮೇಲೆ. ಇದನ್ನು ಅವಳು ಬೀಜ ಕೊಟ್ಟವಳಿಂದ ಕಲಿತಿದ್ದಳು, ಗಂಡನಿಗೆ ಹೇಳಿದ್ದಳು, ಮತ್ತೊಮ್ಮೆ ಹೇಳಿದ್ದಳು. ಆದರೂ ಕಳೆದ ವಾರ ಈ ಹೋಟೆಲಿನ ಮ್ಯಾನೇಜರು ನಡುಮಧ್ಯಾಹ್ನ ಮನೆಗೆ ಬಂದು ಹೂ ನೋಡಬೇಕು ಎಂದಾಗ, 'ಒಂದೇ ಒಂದು ಬಕೆಟ್ ಕೊಯ್ದುಕೊಂಡು ಬಾ, ಕೈಗವಸು ಹುಡುಕ್ತಾ ಕೂತ್ಕೋಬೇಡ, ಮನುಷ್ಯ ಗಡಿಯಾರ ನೋಡ್ತಿದಾನೆ' ಎಂದಿದ್ದ ಗಂಡ. ಅವಳು ಹೋದಳು. ಅದೇ ಅವಳಿಗೆ ಈಗಲೂ ಅರ್ಥವಾಗದ್ದು. ಬರಿಗೈಯಲ್ಲಿ, ನೆತ್ತಿಯ ಮೇಲೆ ಸೂರ್ಯ, ಗೊತ್ತಿದ್ದೂ ಗೊತ್ತಿದ್ದೂ ಹೋದಳು. ಒದ್ದೆ ಕಾಂಡಗಳನ್ನು ಮಗುವಿನ ಹಾಗೆ ತೋಳಿನಲ್ಲಿ ಅವಚಿಕೊಂಡು ಬಂದಳು. ಜಗಲಿಯ ನೆರಳಿನಲ್ಲಿ ಕಾಫಿ ಲೋಟ ಹಿಡಿದು ಕೂತ ಇಬ್ಬರೂ ಹೂ ನೋಡಿ 'ಓಹೋ' ಎಂದಾಗ ಅವಳಿಗೆ ಸಂತೋಷವೂ ಆಯಿತು, ಹಾಳಾದ ಸಂತೋಷ. ಆ ಸಂತೋಷದಲ್ಲಿ ಕೈ ತೊಳೆಯುವುದು ತಡವಾಯಿತು. ಮೂರನೆಯ ದಿನ ತೋಳು ನೋಡಿ ಗಂಡ 'ಅಯ್ಯೋ, ಹುಷಾರಾಗಿರಬಾರದಾ' ಎಂದ.

ಮ್ಯಾನೇಜರು ಸಭಾಂಗಣದ ಬಾಗಿಲಲ್ಲಿ ಕೈಕಟ್ಟಿ ನಿಂತು ಹೂಗಳನ್ನು ಅಳೆಯುತ್ತಿದ್ದ. ಮದುವೆ ನಾದಿನಿಯದಾದರೂ ಗಂಡನಿಗೆ ಇದು ಪರೀಕ್ಷೆ: ಇಂದು ಹೂ ಮೆಚ್ಚಿಗೆಯಾದರೆ ಹೋಟೆಲಿಗೆ ವಾರವಾರವೂ ಅವರದೇ ಹೂ. ಅದಕ್ಕೇ ಗಂಡನ ನಾಲಿಗೆ ಬೆಳಗಿನಿಂದ ಬೆಣ್ಣೆಯಲ್ಲಿ ಜಾರುತ್ತಿತ್ತು. ಒಬ್ಬೊಬ್ಬ ಅತಿಥಿಯ ಬಳಿಯೂ ನಿಂತು, ಬಗ್ಗಿ, ಆರೋಗ್ಯ ವಿಚಾರಿಸಿ, ಹೂವಿನ ಕಡೆ ಕೈ ತೋರಿಸಿ, 'ಮನೇದೇ' ಎನ್ನುತ್ತಿದ್ದ. ಮದುವೆ ರಿಜಿಸ್ಟರಿಗೆ ಸಹಿ ಹಾಕುವ ಶಾಸ್ತ್ರ ಮುಗಿದು ಎಲ್ಲರೂ ಕೂತ ಮೇಲೆ ಹಣ್ಣಿನ ರಸದ ತಟ್ಟೆ ಹಿಡಿದು ಬರುವುದು ಅವಳ ಪಾಲಿಗೆ ಬಂತು. ಮದುಮಗನ ಚಿಕ್ಕಮ್ಮ ಮೊದಲ ಮೇಜಿನಲ್ಲಿದ್ದಳು, ದಪ್ಪ ಕನ್ನಡಕ, ನೆಟ್ಟಗೆ ಕೂತ ಹೆಂಗಸು. ಅವಳು ಲೋಟವನ್ನು ಆಕೆಯ ಮುಂದೆ ಚಾಚಿದಳು, ತೋಳು ಸರಿಯಿತು. ಚಿಕ್ಕಮ್ಮ ಲೋಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಎಳೆದುಕೊಂಡದ್ದು ಕಾಣಬಾರದೆಂದು ಕೂದಲು ಸರಿಮಾಡಿಕೊಂಡಳು. 'ನನಗೆ ಬೇಡಮ್ಮ. ಸಿಹಿ ತಿನ್ನಬಾರದು ಅಂದಿದಾರೆ ಡಾಕ್ಟರು' ಎಂದಳು. ಅವಳು ಮುಂದಿನ ಮೇಜಿಗೆ ಹೋದಳು. ತಿರುಗಿ ಬರುವಾಗ ಚಿಕ್ಕಮ್ಮ ಬೇರೊಬ್ಬ ಸರ್ವರನ ತಟ್ಟೆಯಿಂದ ಅದೇ ರಸ ತೆಗೆದುಕೊಂಡು ಕುಡಿಯುತ್ತಿದ್ದಳು. ಪಕ್ಕದಲ್ಲಿ ಗಂಡ ಬಗ್ಗಿ ನಿಂತಿದ್ದ.

ಅವಳು ಕಂಬದ ಈಚೆ ನಿಂತಳು. ಕದ್ದು ಕೇಳಬೇಕೆಂದಲ್ಲ, ತಟ್ಟೆ ಭಾರವಾಗಿತ್ತು.

'ನಿಮ್ಮ ಮನೆಯವರ ಕೈಗೆ ಏನಾಗಿದೆ?' ಎಂದು ಚಿಕ್ಕಮ್ಮ ಕೇಳುತ್ತಿದ್ದಳು. 'ತಪ್ಪು ತಿಳ್ಕೋಬೇಡಿ. ಊಟದ ಹತ್ತಿರ ಓಡಾಡ್ತಿದಾರೆ, ಮಕ್ಕಳಿದಾವೆ.'

'ಅಂಟೋದಲ್ಲ, ಅಂಟೋದಲ್ಲ. ಅದು ಹುಟ್ಟಿನಿಂದ ಬಂದಿದ್ದು. ಆಗಾಗ ಏಳುತ್ತೆ, ಹೋಗುತ್ತೆ. ಚರ್ಮದ್ದು.'

'ಹುಟ್ಟಿನಿಂದಾನಾ?'

'ಮದುವೆಗೆ ಮೊದಲೇ ಗೊತ್ತಿತ್ತು ನನಗೆ. ನಾನು ಅದನ್ನೆಲ್ಲ ನೋಡೋಕೆ ಹೋಗಲಿಲ್ಲ.'

'ದೊಡ್ಡ ಮನಸ್ಸು ನಿಮ್ಮದು' ಎಂದಳು ಚಿಕ್ಕಮ್ಮ. ನಿಜವಾಗಿಯೂ ಮೆಚ್ಚಿ ಹೇಳಿದಳು. ಗಂಡ ನಾಚಿಕೊಂಡವನಂತೆ ನಕ್ಕು, ಮೇಜಿನ ಹೂವನ್ನು ಸ್ವಲ್ಪ ಆಕೆಯ ಕಡೆ ತಿರುಗಿಸಿಟ್ಟ.

ತಟ್ಟೆಯನ್ನು ಯಾವ ಮೇಜಿನ ಮೇಲಿಟ್ಟಳೋ. ಅಡುಗೆಮನೆಯ ಹಬೆ, ಪಾತ್ರೆಗಳ ಸದ್ದು ದಾಟಿ ಹಿಂಬಾಗಿಲಿಗೆ ಬರುವಷ್ಟರಲ್ಲಿ ಅವಳ ಕಿವಿಯೊಳಗೆ ಆ ನಾಚಿಕೆಯ ನಗೆಯೊಂದೇ ಕೇಳುತ್ತಿತ್ತು. ಸುಳ್ಳು ಹೇಳಿದ, ಸರಿ. ಹೂ ಸುಡುತ್ತದೆ ಎಂದರೆ ಮೇಜುಗಳಿಂದ ಹೂ ಎದ್ದುಹೋಗುತ್ತವೆ, ಮ್ಯಾನೇಜರು ಕೈ ಬಿಡುತ್ತಾನೆ, ಅದೂ ಸರಿ, ಅದನ್ನು ಅವಳೂ ಲೆಕ್ಕ ಹಾಕಬಲ್ಲಳು. ಕೇಳಿದ್ದರೆ ಅವಳೇ ಒಂದು ಸುಳ್ಳು ಹುಡುಕಿ ಕೊಡುತ್ತಿದ್ದಳು: ಬಿಸಿ ಎಣ್ಣೆ ಸಿಡಿಯಿತು, ಮುಳ್ಳು ತರಚಿತು, ಎಷ್ಟಿಲ್ಲ. ಅವನು ಆರಿಸಿದ್ದು ಎಂಥದ್ದನ್ನು. ಅವಳ ತಾಯಿಯ ಹೊಟ್ಟೆಯೊಳಗೇ ಕೈಹಾಕಿ ಅಲ್ಲೊಂದು ರೋಗ ಇಟ್ಟುಬಂದ. ಆ ರೋಗದ ಪಕ್ಕದಲ್ಲಿ ತನಗೊಂದು ಪೀಠ ಹಾಕಿಕೊಂಡು ಕೂತ. ಎಷ್ಟು ಸಲೀಸಾಗಿ ಬಂತು ಆ ಮಾತು. ಎಷ್ಟು ದಿನದಿಂದ ಒಳಗೆ ಕಾದು ಕೂತಿತ್ತೋ. ಹುಡುಗಿ ನೋಡಲು ಬಂದ ದಿನ ಅವಳ ಅಮ್ಮ ಅವಳ ಕೈ ಹಿಡಿದುಕೊಂಡೇ ಮಾತಾಡಿದ್ದು, 'ನಮ್ಮ ಹುಡುಗಿ ಕೈ ಹಾಕಿದ್ದು ಚಿಗುರುತ್ತೆ' ಎಂದದ್ದು, ಅವನು ಆಗಲೂ ಹೀಗೇ ನಾಚಿ ನಕ್ಕದ್ದು. ಅಮ್ಮ ಈಗ ಇಲ್ಲ. ಇದ್ದಿದ್ದರೆ ಈ ಮಾತು ಕೇಳಿ ಏನು ಮಾಡುತ್ತಿದ್ದಳು? ಬೇಜಾರು ಮಾಡಿಕೊಳ್ಳುತ್ತಿದ್ದಳು. ಅಮ್ಮನಿಗೂ ಅದೊಂದೇ ಗೊತ್ತಿದ್ದದ್ದು.

ಹಿಂದಿನ ಅಂಗಳದಲ್ಲಿ, ಬೆಳಗ್ಗೆ ಅವಳೇ ಕತ್ತರಿಸಿ ಗುಡ್ಡೆ ಹಾಕಿದ್ದ ಕಾಂಡದ ತುಂಡುಗಳು, ಬಾಡದಿರಲೆಂದು ನೀರು ಚಿಮುಕಿಸಿಟ್ಟ ಉಳಿದ ಹೂಗಳು ಬಿದ್ದಿದ್ದವು. ಅವುಗಳ ನಡುವೆ, ಸುಡುಬಿಸಿಲಿನಲ್ಲಿ, ಒಂದು ಪುಟ್ಟ ಹುಡುಗಿ ಕೂತಿತ್ತು. ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ, ಆ ಚಿಕ್ಕಮ್ಮನ ಮೊಮ್ಮಗಳು. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಉದ್ದಕ್ಕೆ ಸುಲಿದು, ಆ ಎಳೆಯಿಂದಲೇ ಹೂಗಳನ್ನು ಕಟ್ಟಿ ಕಿರೀಟ ಮಾಡುತ್ತಿತ್ತು. ಬರಿ ತೋಳು. ಮಣಿಕಟ್ಟಿನಿಂದ ಮೊಳಕೈವರೆಗೆ ರಸ ಹರಿದು ಹೊಳೆಯುತ್ತಿತ್ತು. 'ನೋಡಿ, ನಾನು ರಾಣಿ ಆಗ್ತೀನಿ' ಎಂದಿತು.

ಅವಳು ನಿಂತಳು. ಹೊಸಿಲಿನ ಮೇಲೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಸುಲಿಯಲಿ ಎಂದುಕೊಂಡಳು. ಇನ್ನೊಂದು ಸ್ವಲ್ಪ ಹೊತ್ತು ಕೂರಲಿ. ನಾಳೆಯಲ್ಲ ನಾಡಿದ್ದು ಈ ಕೈ ನೋಡಿ ಆ ದಪ್ಪ ಕನ್ನಡಕ ಏನು ಹೇಳುತ್ತದೆ? ಇದಕ್ಕೂ ಹುಟ್ಟಿನಿಂದ ಬಂತೇ? ಇದಕ್ಕೂ ಒಬ್ಬ ದೊಡ್ಡ ಮನಸ್ಸಿನವನನ್ನು ಹುಡುಕಿಡುತ್ತಾಳೆಯೇ? ಎಷ್ಟು ಸ್ಪಷ್ಟವಾಗಿ, ಎಷ್ಟು ತಣ್ಣಗೆ ಬಂತು ಆ ಯೋಚನೆ. ಅದು ತನ್ನದೆಂದು ಗೊತ್ತಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಹುಡುಗಿ ಕಿರೀಟವನ್ನು ತಲೆಗೇರಿಸಲು ಕೈ ಎತ್ತಿತು. ಅವಳು ಓಡಿದಳು.

ರಟ್ಟೆ ಹಿಡಿದು ಎತ್ತಿದ ರಭಸಕ್ಕೆ ಕಿರೀಟ ಬಿಚ್ಚಿಹೋಯಿತು, ಹುಡುಗಿ ಕಿರುಚಿಕೊಂಡಿತು. ಕಿರುಚಾಟದ ಮಧ್ಯೆಯೇ ಅಡುಗೆಮನೆಯ ಪಕ್ಕದ ತೊಟ್ಟಿಗೆ ಎಳೆದುಕೊಂಡು ಹೋಗಿ, ನಲ್ಲಿ ತಿರುಗಿಸಿ, ಪಾತ್ರೆ ತೊಳೆಯುವ ಸೋಪನ್ನೇ ತೆಗೆದು ಉಜ್ಜಿದಳು. ಬೆರಳ ಸಂದು, ಉಗುರ ಕೆಳಗೆ, ಮೊಳಕೈ, ಕತ್ತು, ಹಣೆ. ಸದ್ದಿಗೆ ಮೊದಲು ಬಂದವರು ಅತ್ತೆ, ಅವರ ಹಿಂದೆ ಚಿಕ್ಕಮ್ಮ, ಮ್ಯಾನೇಜರು, ಗಂಡ.

'ಬಿಡಿ ಮಗೂನ' ಎಂದಳು ಚಿಕ್ಕಮ್ಮ. 'ಆ ಕೈಯಲ್ಲಿ ಮುಟ್ಟಬೇಡಿ ಅದನ್ನ. ಬಿಡಿ ಅಂದೆ.'

ಅವಳು ಬಿಡಲಿಲ್ಲ. ಎರಡನೆಯ ಸಲ ಸೋಪು ಹಚ್ಚಿದಳು. 'ಈ ಕೈ ಹೀಗಾಗಿದ್ದು ಈ ಹೂವಿಂದ. ಇದರ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಸುಡುತ್ತೆ. ಇವಳು ಬಿಸಿಲಲ್ಲಿ ಕೂತು ಸುಲೀತಿದ್ದಳು. ಇವತ್ತು ನಾಳೆ ಇವಳನ್ನ ಬಿಸಿಲಿಗೆ ಬಿಡಬೇಡಿ, ತೋಳು ಮುಚ್ಚಿಡಿ.'

'ಹುಟ್ಟಿನಿಂದ ಇದೆ ಅಂದ್ರಲ್ಲ ಇವರು?' ಚಿಕ್ಕಮ್ಮ ಗಂಡನ ಕಡೆ ತಿರುಗಿದಳು.

ಎಲ್ಲರೂ ಅವನ ಕಡೆ ನೋಡಿದರು. ಮ್ಯಾನೇಜರು ನೋಡುತ್ತಿದ್ದುದನ್ನು ಅವನು ನೋಡಿದ. ಆಮೇಲೆ ಅವಳು ಎಷ್ಟೋ ಸಲ ನೆನಪಿಸಿಕೊಂಡದ್ದು ಈ ಗಳಿಗೆಯನ್ನು: ಅವನ ಮುಖದ ಮೇಲೆ ಏನೋ ಹಾದುಹೋಯಿತು, ನಿಜ ಹೇಳಿಬಿಡುತ್ತಾನೆಂದು ಅವಳಿಗೆ ಅನ್ನಿಸಿತು, ಸೋಪಿನ ಕೈ ತಾನಾಗಿ ನಿಂತಿತು.

'ಬೆಳಗಿನಿಂದ ಒಂದೇ ಸಮ ಕೆಲಸ, ಸುಸ್ತಾಗಿದೆ ಅವಳಿಗೆ' ಎಂದ. ದನಿಯಲ್ಲಿ ಅದೇ ಬೆಣ್ಣೆ. 'ಸುಸ್ತಾದಾಗ ಏನೇನೋ ಅನ್ಕೊಳ್ತಾಳೆ. ಹೂವಲ್ಲಿ ಏನಿರುತ್ತೆ ಹೇಳಿ. ಕೊತ್ತಂಬರಿ ಜಾತೀದು ಅದು.'

ಅವಳು ಹುಡುಗಿಯ ಕೈ ಒರೆಸಿ ಅಜ್ಜಿಯ ಕಡೆ ದಾಟಿಸಿದಳು. ಅಂಗಳಕ್ಕೆ ಹೋಗಿ ಗುಡ್ಡೆಯಿಂದ ದಪ್ಪನೆಯ ಕಾಂಡವೊಂದನ್ನು ಎತ್ತಿ, ತಿರುಗಿ ಬಂದು, ಅದನ್ನು ಎರಡಾಗಿ ಮುರಿದಳು. ಗಂಡನ ಎಡಗೈ ಹಿಡಿದು, ಅಂಗಿಯ ಗುಂಡಿ ಬಿಚ್ಚಿ, ತೋಳು ಮೇಲಕ್ಕೆ ಸರಿಸಿ, ಮುರಿದ ತುದಿಯನ್ನು ಮಣಿಕಟ್ಟಿನಿಂದ ಮೇಲೆ ಒತ್ತಿ ಎಳೆದಳು, ಗೋಡೆಗೆ ಸುಣ್ಣ ಬಳಿಯುವವರ ಹಾಗೆ, ಅವಸರವಿಲ್ಲದೆ. ಅವನು ಕೈ ಕಿತ್ತುಕೊಳ್ಳಲಿಲ್ಲ; ಜನ ನೋಡುತ್ತಿದ್ದರು, ನಗುವ ಪ್ರಯತ್ನದಲ್ಲಿದ್ದ.

'ಹೋಗಿ ಬಿಸಿಲಲ್ಲಿ ನಿಂತ್ಕೊಳ್ಳಿ' ಎಂದಳು. 'ಸ್ವಲ್ಪ ಹೊತ್ತು. ಕೊತ್ತಂಬರಿ ಜಾತೀದಲ್ವಾ.'

ಹಿಂಬಾಗಿಲಿನ ಮಾಡು ಅಂಗಳದ ಮೇಲೆ ನೆರಳಿನ ಗೆರೆಯೊಂದನ್ನು ಎಳೆದಿತ್ತು. ಅವನು ಆ ಗೆರೆಯವರೆಗೆ ಹೋದ. ಬೂಟಿನ ತುದಿ ಗೆರೆಗೆ ತಾಗುವವರೆಗೆ. ನಿಂತ. ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದ. 'ಇದೆಲ್ಲ ಏನು ನಾಟಕ, ಮದುವೆ ಮನೆಯಲ್ಲಿ' ಎಂದು ಯಾರಿಗೋ ಹೇಳಿದ. ಗೆರೆ ದಾಟಲಿಲ್ಲ. ಮ್ಯಾನೇಜರು ಕೆಮ್ಮಿ ಒಳಗೆ ಹೋದ. ಅತ್ತೆ 'ಸಾಕು ಬಾರೇ, ಜನ ನೋಡ್ತಾರೆ' ಎಂದರು, ನೋಡುವವರೆಲ್ಲ ಆಗಲೇ ನೋಡಿ ಮುಗಿಸಿದ್ದರು. ಚಿಕ್ಕಮ್ಮ ಹುಡುಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಂದು ಸಲ ಅವನನ್ನೂ ಒಂದು ಸಲ ಅವಳನ್ನೂ ನೋಡಿದಳು. ಸ್ವಲ್ಪ ಹೊತ್ತಿಗೆ ಗಂಡಸರ ಬಚ್ಚಲಿನ ಬಾಗಿಲು ಮುಚ್ಚಿತು. ಒಳಗೆ ನೀರು ಬಿದ್ದೇ ಬಿದ್ದಿತು, ಒಂದು ಬಟ್ಟೆಯ ಮೂಟೆ ಒಗೆಯುವಷ್ಟು ಹೊತ್ತು. ಆ ಸದ್ದನ್ನು ಕೇಳಿದವಳು ಅವಳೊಬ್ಬಳೇ.

ಮನೆಗೆ ಬಂದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆ ಮಾತ್ರ ಪಾತ್ರೆಗಳ ಜೊತೆ ಮಾತಾಡುತ್ತಿದ್ದರು. ಅವಳು ಹೂವಿನ ಮಡಿಗಳ ನಡುವೆ ಕೂತು ಒಣಗಿದ ತಲೆಗಳನ್ನು ಚಿವುಟುತ್ತ ಒಂದೇ ವಿಷಯವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹುಡುಗಿಯ ಕೈಯನ್ನು ಅವಳು ಸರಿಯಾಗಿ ತೊಳೆದಿದ್ದರೆ ಏನೂ ಏಳುವುದಿಲ್ಲ. ಏನೂ ಏಳದಿದ್ದರೆ ಅವಳು ಸುಳ್ಳುಗಾತಿ, ಬುದ್ಧಿ ಸ್ವಲ್ಪ ಹೆಚ್ಚುಕಮ್ಮಿಯಾದವಳು, ಮೇಲಿಂದ ಹುಟ್ಟುರೋಗದವಳು. ಅವಳ ಮಾತು ನಿಜವಾಗಬೇಕಾದರೆ ಒಂದು ಮಗು ಸುಡಬೇಕು. ಒಂದೇ ಒಂದು ಬೊಬ್ಬೆ, ಚಿಕ್ಕದು, ಕಿರುಬೆರಳಿನ ಬುಡದಲ್ಲಿ, ನೋವೇ ಆಗದಂಥದ್ದು, ಎಂದು ಮನಸ್ಸು ಚೌಕಾಸಿ ಮಾಡುತ್ತಿತ್ತು. ಛೀ ಎಂದು ಎದ್ದು ನೀರು ಹಾಯಿಸಲು ಹೋದಳು. ನೀರಿನ ಜೊತೆ ಅದೇ ಚೌಕಾಸಿ ಮಡಿಯಿಂದ ಮಡಿಗೆ ಹರಿಯಿತು. ಗಂಡನ ಮೇಲಿದ್ದ ಸಿಟ್ಟಿಗಿಂತ ಈಗ ಇದೊಂದು ಹೊಸ ಸಿಟ್ಟು: ತನ್ನನ್ನು ಇಂಥದ್ದಕ್ಕೆ ತಂದು ನಿಲ್ಲಿಸಿದನಲ್ಲ, ಮಗುವಿನ ಕೈಯಲ್ಲಿ ಬೊಬ್ಬೆ ಹುಡುಕುವಂತೆ ಮಾಡಿದನಲ್ಲ.

ಮೂರನೆಯ ದಿನ ಊಟಕ್ಕೆ ಕೂತಾಗ ಅತ್ತೆ ಬಡಿಸುತ್ತ, ಯಾರನ್ನೂ ನೋಡದೆ, 'ಅವರ ಮನೆಗೆ ಫೋನ್ ಮಾಡಿದ್ದೆ' ಎಂದರು. 'ಗುಬ್ಬಿ ಕೈ ಏನೂ ಆಗಿಲ್ಲವಂತೆ. ಹೂವಿನ ಹಾಗಿದೆಯಂತೆ. ನಗ್ತಿದ್ದರು ಅವರೆಲ್ಲ. ನಮ್ಮ ಮರ್ಯಾದೆ ಏನಾಯ್ತು ಅಂತ ಒಬ್ಬರಾದರೂ ಯೋಚನೆ ಮಾಡಿದ್ರಾ.'

ಮೊದಲು ಅವಳ ಮೈಯೆಲ್ಲ ಹಗುರಾಯಿತು. ಅದು ನಿಜ, ಅದನ್ನು ಯಾರೂ ಅವಳಿಂದ ಕಿತ್ತುಕೊಳ್ಳುವ ಹಾಗಿಲ್ಲ. ಆಮೇಲೆ ಗಂಡ ತಲೆ ತಗ್ಗಿಸಿ ಉಣ್ಣುತ್ತಿರುವುದನ್ನು ನೋಡಿದಳು. ಅವನ ಭುಜಗಳೂ ಹಗುರಾಗಿದ್ದವು.

'ನಿಮ್ಮ ಕೈ ಹೇಗಿದೆ?' ಎಂದು ಕೇಳಿದಳು.

'ಏನಾಗಿದೆ ನನ್ನ ಕೈಗೆ. ಚೆನ್ನಾಗೇ ಇದೆ. ನೋಡು ಬೇಕಾದರೆ.' ಅಂಗಿ ಸರಿಸಿ ಎಡಗೈಯನ್ನು ಮೇಜಿನ ಮೇಲೆ ಚಾಚಿದ. ಕೂದಲು, ನರ, ಗಡಿಯಾರದ ಬಿಳಿ ಗುರುತು. ಒಂದು ಗೆರೆಯೂ ಇರಲಿಲ್ಲ. 'ನೋಡಮ್ಮ ನೀನೂ' ಎಂದ.

'ಅವತ್ತು ಎಷ್ಟು ಹೊತ್ತು ತೊಳೆದ್ರಿ?'

'ಎಷ್ಟು ಹೊತ್ತು ಅಂದ್ರೆ? ಚೆನ್ನಾಗಿ ತೊಳೆದೆ. ತೊಳೀದೆ ಹಾಗೇ ಬಿಡೋಕಾಗುತ್ತಾ? ನಿನ್ನ ಕೈ ನೋಡಿಲ್ವಾ ನಾನು? ಸುಟ್ಟು ಹೋಗ್ತಿತ್ತು.'

ಹೇಳಿಯಾದ ಮೇಲೆ ಅವನ ಬಾಯಿ ಹಾಗೇ ನಿಂತಿತು. ಅತ್ತೆಯ ಸೌಟು ತಟ್ಟೆಗೂ ಪಾತ್ರೆಗೂ ನಡುವೆ ನಿಂತಿತು. ಮುದುಕಿ ಮಗನ ಚಾಚಿದ ಕೈಯನ್ನು ನೋಡಿದರು, ಸೊಸೆಯ ತೋಳನ್ನು ನೋಡಿದರು, ಏನನ್ನೋ ಅಳೆಯುವವರ ಹಾಗೆ ಮತ್ತೊಮ್ಮೆ ನೋಡಿದರು. ಅವರು ಏನಾದರೂ ಹೇಳುತ್ತಾರೆಂದು ಅವಳು ಕಾಯಲಿಲ್ಲ. ಎದ್ದು ಫೋನ್ ತಂದು, ಅತ್ತೆ ಬೆಳಗ್ಗೆ ಮಾಡಿದ್ದ ನಂಬರನ್ನೇ ಒತ್ತಿ, ಸ್ಪೀಕರ್ ಹಾಕಿ, ಗಂಡನ ತಟ್ಟೆಯ ಪಕ್ಕ ಇಟ್ಟಳು. ರಿಂಗಾಗುವುದು ಮೂವರಿಗೂ ಕೇಳುತ್ತಿತ್ತು.

'ಏನು ಹೇಳಲಿ ಈಗ?' ಎಂದ, ಪಿಸುದನಿಯಲ್ಲಿ.

'ಈಗ ಹೇಳಿದ್ರಲ್ಲ, ಅದನ್ನೇ.'

'ಹಲೋ' ಎಂದಿತು ಚಿಕ್ಕಮ್ಮನ ದನಿ.

ಅವನು ಆರೋಗ್ಯ ವಿಚಾರಿಸಿದ. ಮದುಮಕ್ಕಳನ್ನು ವಿಚಾರಿಸಿದ. ಗುಬ್ಬಿಯನ್ನು ವಿಚಾರಿಸಿ, ನಕ್ಕ. ಅವಳು ಅವನ ಎದುರೇ ನಿಂತಿದ್ದಳು. ಕೊನೆಗೆ, 'ಅಲ್ಲ, ಅವತ್ತು ಒಂದು ಮಾತು… ಅವಳಿಗೆ ಹುಟ್ಟಿನಿಂದ ಏನೂ ಇರಲಿಲ್ಲ. ಅದು ಆ ಹೂವಿನದೇ. ನಾನೇ ಬಿಸಿಲಲ್ಲಿ ಕೊಯ್ಯಿ ಅಂದಿದ್ದೆ' ಎಂದ. ದನಿಯಲ್ಲಿ ಅದೇ ಬೆಣ್ಣೆ. ಸುಳ್ಳನ್ನು ಎಷ್ಟು ನುಣ್ಣಗೆ ಹೇಳಿದ್ದನೋ ನಿಜವನ್ನೂ ಅಷ್ಟೇ ನುಣ್ಣಗೆ ಹೇಳಿದ. ಕೇಳುತ್ತ ಕೇಳುತ್ತ ಅವಳಿಗೆ ತಾನು ಮೂರು ದಿನದಿಂದ ಹಲ್ಲು ಕಚ್ಚಿ ಕಾದದ್ದು ಇದಕ್ಕೇನಾ ಎನ್ನಿಸಿತು. ಸಿಟ್ಟು ಇಳಿಯಬಹುದೆಂದು ಒಳಗೆ ಮುಟ್ಟಿ ನೋಡಿಕೊಂಡಳು. ಇದ್ದಲ್ಲೇ ಇತ್ತು, ಬೇರು ಬಿಟ್ಟು ಕೂತಿತ್ತು.

ಆ ಕಡೆಯಿಂದ ಚಿಕ್ಕಮ್ಮ ಕೇಳಿದಳು: 'ಹಾಗಿದ್ರೆ ಯಾಕೆ ಹಾಗೆ ಹೇಳಿದ್ರಿ?'

ಅವನು ತಲೆಯೆತ್ತಿ ಅವಳನ್ನು ನೋಡಿದ. ಬೀಗದ ಕೈ ಎಲ್ಲಿ, ಕನ್ನಡಕ ಎಲ್ಲಿ ಎಂದು ಕೇಳುವಾಗ ನೋಡುತ್ತಿದ್ದ ನೋಟ. ಅವಳು ಯಾವಾಗಲೂ ಹುಡುಕಿ ತಂದು ಕೈಗಿಡುತ್ತಿದ್ದಳು. ಅವಳು ತನ್ನ ಕುರ್ಚಿ ಎಳೆದುಕೊಂಡು ಕೂತಳು. ತಟ್ಟೆಯನ್ನು ಹತ್ತಿರ ಸರಿಸಿದಳು. ಹಸಿವಾಗಿತ್ತು.

'ಹೇಳಿ' ಎಂದಿತು ಫೋನು. 'ಕೇಳಿಸ್ಕೊಳ್ತಿದೀನಿ.'